ಬರಹದೊಳಗಿನ ಲೆಕ್ಕ

ಬರಹ ಬೇರೆ, ಲೆಕ್ಕ ಬೇರೆ ಎಂದು ನಾವು ಎಣಿಸುವುದು ತೀರ ಈಚಿನ ರೂಢಿ. ಗಣಕಯಂತ್ರದಲ್ಲಿ ಪತ್ರ ಬರೆಯುತ್ತಿರುವಾಗಲೇ ಅದರ ನಡುವಿನ ಕೋಷ್ಟಕದಲ್ಲಿ ಮೊತ್ತ ತೆಗೆಯಬಹುದೆಂದರೆ ಹಲವರಿಗೆ ಅಚ್ಚರಿಯಾಗುತ್ತದೆ. ನಮ್ಮ ಹಿರಿಯರಿಗೆ ಆಗುತ್ತಿರಲಿಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದಾಗ ಪದ್ಯ, ಗದ್ಯ, ಲೆಕ್ಕ ಮೂರನ್ನೂ ಒಂದೇ ಗ್ರಂಥದಲ್ಲಿ ಕೂಡಿಸಿದ್ದನು. ಆದರೆ ಪಂಡಿತರ ಮಾತು ಇಲ್ಲಿ ಬೇಡ. ಅಂಗಡಿಯ ಕಿರ್ದಿಯನ್ನೇ ತೆರೆಯೋಣ.

ಜಮಖಂಡಿಯನ್ನು ಪಟವರ್ಧನರು ಆಳಿದರು, ಮುಧೋಳವನ್ನು ಘೋರ್ಪಡೆಯವರು. ರಬಕವಿ ಸಾಂಗಲಿ ಸಂಸ್ಥಾನದ್ದು; ಬೀಳಗಿ ಮುಂಬಯಿ ಇಲಾಖೆಗೆ ಸೇರಿತ್ತು. ಒಂದು ದಿನದ ಬಂಡಿಯ ಹಾದಿಯೊಳಗೆ ಇಷ್ಟು ಒಡೆತನಗಳು! 1948ರಲ್ಲಿ ಈ ಸಂಸ್ಥಾನಗಳು ವಿಲೀನವಾಗುವವರೆಗೆ ಮನೆಯ ಮಾತು ಕನ್ನಡ, ಸಂಸ್ಥಾನದ ದಫ್ತರದ ಬರಹ ಮೋಡಿಯ ಮರಾಠಿ ಎಂಬಂತಿತ್ತು. ಲಿಪಿ ಬೇರೆಯಾದರೂ ಭಿನ್ನರಾಶಿಯ ಗುರುತುಗಳು ಮಾತ್ರ ಎರಡಕ್ಕೂ ಒಂದೇ. ಇದು ಸ್ವಾರಸ್ಯದ ಸಂಗತಿ.

ಗುರುತುಗಳಾದರೂ ಎಂಥವು? ಕಾಲು ರೂಪಾಯಿಗೆ ಒಂದು ನಿಂತ ಗೆರೆ, ಅರ್ಧಕ್ಕೆ ಎರಡು, ಮುಕ್ಕಾಲಿಗೆ ಮೂರು. ರೂಪಾಯಿಯ ಹದಿನಾರನೆಯ ಪಾಲಾದ ಆಣೆಗೆ, ಎಂದರೆ ನಮ್ಮ ಹಳೆಯ ವೀಸಕ್ಕೆ, ಒಂದು ಪುಟ್ಟ ಅಡ್ಡ ಗೆರೆ; ಅದೂ ಮೂರರವರೆಗೆ. ನಾಲ್ಕು ಅಡ್ಡ ಗೆರೆ ಕೂಡಿದರೆ ಒಂದು ನಿಂತ ಗೆರೆ, ನಾಲ್ಕು ನಿಂತ ಗೆರೆ ಕೂಡಿದರೆ ಒಂದು ರೂಪಾಯಿ.

ನೇಕಾರನೊಬ್ಬನ ಖಾತೆಯಲ್ಲಿ ಒಮ್ಮೆ 7 ರೂಪಾಯಿ 14 ಆಣೆ, ಇನ್ನೊಮ್ಮೆ 3 ರೂಪಾಯಿ 7 ಆಣೆ ಕೂಲಿ ಬಿದ್ದಿತೆನ್ನಿ. ಮೊದಲನೆಯದು ಏಳರ ಮುಂದೆ ಮೂರು ನಿಂತ ಗೆರೆ, ಎರಡು ಅಡ್ಡ ಗೆರೆ. ಎರಡನೆಯದು ಮೂರರ ಮುಂದೆ ಒಂದು ನಿಂತ ಗೆರೆ, ಮೂರು ಅಡ್ಡ ಗೆರೆ. ಅಡ್ಡ ಗೆರೆ ಒಟ್ಟು ಐದು: ಒಂದು ಉಳಿದು ಒಂದು ದಶಕ, ಅಲ್ಲ, ಒಂದು ಕಾಲು ಮೇಲೇರಿತು. ನಿಂತ ಗೆರೆ ಈಗ ಐದು: ಒಂದು ಉಳಿದು ಒಂದು ರೂಪಾಯಿ ಏರಿತು. ಮೊತ್ತ 11 ರೂಪಾಯಿ 5 ಆಣೆ. ಅಕ್ಷರ ಬಾರದ ನೇಕಾರನೂ ಸಾಹುಕಾರನ ವಹಿಯಲ್ಲಿ ಗೆರೆ ಎಣಿಸಬಲ್ಲವನಾಗಿದ್ದನು. ಮಗ್ಗದ ಮೇಲೆ ಬದುಕುವ ರಬಕವಿ-ಬನಹಟ್ಟಿಯಂಥ ಊರಿಗೆ ಇದೇನು ಸಣ್ಣ ಅನುಕೂಲವೇ? ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಮಕ್ಕಳಿಗೆ ಉರು ಹೊಡೆಸುತ್ತಿದ್ದುದು ಈ ವ್ಯವಹಾರಕ್ಕಾಗಿಯೇ.

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆ ಬಂದವು. ನಾಲ್ಕಾಣೆ 25 ಪೈಸೆಗೆ ಸರಿಹೋಯಿತು. ಒಂದಾಣೆಗೆ ಮಾತ್ರ ಆರೂಕಾಲು ಪೈಸೆ! ಗೆರೆಗಳಿಗೆ ಕೆಲಸ ತಪ್ಪಿತು. ಇಂದು ಅಜ್ಜನ ವಹಿ ತೆರೆದ ಮೊಮ್ಮಗ ಸಾಲ ತೀರಿತ್ತೋ ಇಲ್ಲವೋ ತಿಳಿಯದೆ ಅದನ್ನು ಮತ್ತೆ ಗಂಟು ಕಟ್ಟಿಡುತ್ತಾನೆ. 2009ರಲ್ಲಿ ಯುನಿಕೋಡಿನಲ್ಲಿ ಈ ಗುರುತುಗಳಿಗೂ ಸ್ಥಾನ ದೊರೆಯಿತು. ಅವನ್ನು ಬಳಸುವ ಲಿಪಿಗಳ ಪಟ್ಟಿಯಲ್ಲಿ ಮೋಡಿಯೂ ಇದೆ, ಕನ್ನಡವೂ ಇದೆ.

ಇನ್ನು ಇಂದಿನ ವಹಿಯ ಮಾತು. ವರ್ಡ್ ತಂತ್ರಾಂಶದ ಕೋಷ್ಟಕದಲ್ಲಿ ಕೂಲಿಯ ಅಂಕೆಗಳನ್ನು ಒಂದರ ಕೆಳಗೊಂದು ಬರೆದು, ಕೊನೆಯ ಮನೆಯಲ್ಲಿ ‘ಫಾರ್ಮುಲಾ’ ಎಂಬುದನ್ನು ಆರಿಸಿದರೆ ಮೇಲಿನವೆಲ್ಲ ಕೂಡಿ ಮೊತ್ತ ಬರುತ್ತದೆ. ಒಂದು ತೊಡಕುಂಟು. ಆ ಬಳಿಕ ತಾವು ಮೇಲಿನ ಒಂದು ಅಂಕೆಯನ್ನು ತಿದ್ದಿದರೆ ಕೆಳಗಿನ ಮೊತ್ತ ತಾನಾಗಿ ಬದಲಾಗದು. ಹಳೆಯದೇ ಗಂಭೀರವಾಗಿ ಕುಳಿತಿರುತ್ತದೆ. ಕಿರ್ದಿಯಲ್ಲಾದರೆ ಹೊಡೆದುಹಾಕಿದ ಶಾಯಿ ಕಣ್ಣಿಗೆ ಬೀಳುತ್ತಿತ್ತು. ತೆರೆಯ ಮೇಲೆ ಅಂಥ ಕಲೆಯೂ ಉಳಿಯದು. ಕೂಲಿಪಟ್ಟಿಯನ್ನು ಅಚ್ಚಿಗೆ ಕೊಡುವ ಮುನ್ನ ಆ ಮೊತ್ತವನ್ನು ಆಯ್ದು ಎಫ್9 ಕೀಲಿಯನ್ನು ಒತ್ತಿರಿ. ಹೊಸ ಮೊತ್ತ ಬರುತ್ತದೆ.