ಬೆಂಗಳೂರಿನ ಬ್ಯಾಂಡು, ಕಲಬುರಗಿಯ ಕೇಳುಗರು

ನಮ್ಮ ಕೇಳುಗರ ಬಳಗದ ಇತಿಹಾಸ ಬರೆದುಕೊಡಿ ಎಂದು ಸಂಚಿಕೆಯ ಸಮಿತಿಯವರು ಕೇಳಿದಾಗ ನಾನು ಒಂದೇ ಮಾತು ಹೇಳಿದೆ: ಬಳಗಕ್ಕಿಂತ ಮೊದಲು, ಬಳಗ ಕೂಡಲು ಕಾರಣರಾದವರನ್ನು ನೆನೆಯಬೇಕು. ಅವರು ಕಲಬುರಗಿಯವರಲ್ಲ. ಬೆಂಗಳೂರಿನ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಬ್ಯಾಂಡಿನವರು. ಅಭಿಮಾನಿಗಳ ಬಾಯಲ್ಲಿ ಅದು ಬರೀ 'ಟಾಕ್'. ಸಮಿತಿಯವರು ಒಪ್ಪಿದರು. ಅದಕ್ಕೆ ಅವರಿಗೆ ಋಣಿ.

1996ರಲ್ಲಿ ಬ್ಯಾಂಡ್ ಶುರುವಾಯಿತು. ಗಿಟಾರ್ ಮತ್ತು ಹಾಡುಗಾರಿಕೆಗೆ ಬ್ರೂಸ್ ಲೀ ಮಣಿ, ಡ್ರಮ್ಸ್‌ಗೆ ರಾಜೀವ್ ರಾಜಗೋಪಾಲ್, ಬೇಸ್ ಗಿಟಾರಿಗೆ ರೂಡ್ ಡೇವಿಡ್. ಆರಂಭದ ದಿನಗಳಲ್ಲಿ ಸುನಿಲ್ ಚಾಂಡಿಯವರೂ ಜೊತೆಗಿದ್ದರು. ಈ ಹೆಸರುಗಳನ್ನು ನಮ್ಮ ಬಳಗದ ಹಿರಿಯರು ಇವತ್ತಿಗೂ ಮನೆಯವರ ಹೆಸರು ಹೇಳಿದ ಹಾಗೆ ಹೇಳುತ್ತಾರೆ.

ಆ ಕಾಲದಲ್ಲಿ ಸ್ವಂತ ಹಾಡು ಕಟ್ಟಿ ವೇದಿಕೆ ಹತ್ತುವುದು ಎಷ್ಟು ಕಷ್ಟದ ಕೆಲಸವಾಗಿತ್ತು ಎಂದು ಇಂದಿನ ಹುಡುಗರಿಗೆ ತಿಳಿಹೇಳಬೇಕು. ಕಾಲೇಜು ಉತ್ಸವಗಳಲ್ಲಿ ಜನ ಕೇಳುತ್ತಿದ್ದದ್ದು ಪರದೇಶದ ಬ್ಯಾಂಡ್‌ಗಳ ಹೆಸರಾದ ಹಾಡುಗಳನ್ನು. ಅವನ್ನು ಚೆನ್ನಾಗಿ ನುಡಿಸಿದವರಿಗೆ ಬಹುಮಾನ, ಚಪ್ಪಾಳೆ. ಸ್ವಂತದ್ದು ಶುರುಮಾಡಿದರೆ ಕೆಳಗಿನಿಂದ ಕೂಗು. ಸಿನಿಮಾ ಸಂಗೀತದ ಆಚೆಗೆ ಕಂಪನಿಗಳು ತಿರುಗಿ ನೋಡುತ್ತಿದ್ದದ್ದು ಅಪರೂಪ. ರಾಕ್ ನುಡಿಸುವವರಿಗೆ ತಾಲೀಮಿಗೆ ಜಾಗ ಸಿಗುವುದು ಕಷ್ಟ, ಸಿಕ್ಕರೂ ನೆರೆಹೊರೆಯವರ ತಕರಾರು. ಇಂಥದ್ದರಲ್ಲಿ ಇವರು ತಮ್ಮ ಹಾಡನ್ನೇ ಹಿಡಿದು ಕೂತರು. 2000ದಲ್ಲಿ ಮೊದಲ ಆಲ್ಬಮ್ ಬಂತು. ಅದರ ಹೆಸರು 'ಥರ್ಮಲ್‌ಅಂಡ್‌ಎಕ್ವಾರ್ಟರ್ ಡಾಟ್ ಕಾಮ್'. ಅಂದರೆ ಜಾಲತಾಣದ ವಿಳಾಸವೇ ಆಲ್ಬಮ್ಮಿನ ಹೆಸರು. ಆಗ ನಮ್ಮ ಊರು ಇನ್ನೂ ಗುಲಬರ್ಗಾ. ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು, ಫೋನ್ ತಂತಿಯ ಕಿರ್ ಕಿರ್ ಮುಗಿಯುವುದನ್ನೇ ಕಾಯುತ್ತಿದ್ದೆವು. ಒಂದು ಫೋಟೋ ತಲೆಯಿಂದ ಸೊಂಟದವರೆಗೆ ಮೂಡುವಷ್ಟರಲ್ಲಿ ಕೊಟ್ಟ ದುಡ್ಡಿನ ಅರ್ಧ ಹೊತ್ತು ಮುಗಿದಿರುತ್ತಿತ್ತು.

ಹಾಡು ನಮ್ಮಲ್ಲಿಗೆ ಬಂದದ್ದು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ. ಬೆಂಗಳೂರಿಗೆ ಓದಲು ಹೋದ ನಮ್ಮ ಓಣಿಯ ಹುಡುಗರು ರಜೆಗೆ ಬರುವಾಗ ಚೀಲದಲ್ಲಿ ಒಂದೆರಡು ಸಿ.ಡಿ. ತರುತ್ತಿದ್ದರು. ಅದು ಕೈಯಿಂದ ಕೈಗೆ ಹೋಗಿ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ಸೂಪರ್ ಮಾರ್ಕೆಟ್ಟಿನಲ್ಲಿ ಖಾಲಿ ಕ್ಯಾಸೆಟ್ ಕೊಂಡು ರಾತ್ರಿಯೆಲ್ಲ ಪ್ರತಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಳಗದ ಮೊದಲ ಭಂಡಾರ ಅಂದರೆ ನನ್ನ ಕಪಾಟಿನ ಆ ಒಂದು ಸಾಲು. ಈ ಮಾತನ್ನು ಅಭಿಮಾನದಿಂದಲೇ ಹೇಳುತ್ತೇನೆ.

ಕೂಡಿ ಕೇಳುವ ಪದ್ಧತಿ ಮಾತ್ರ ಶುರುವಾದದ್ದು ಕಮಲಾಪುರದಲ್ಲಿ. ನಗರದಲ್ಲಿ ಜೋರಾಗಿ ಹಚ್ಚಿದರೆ ಮನೆ ಮಾಲೀಕರು ಬಾಗಿಲು ತಟ್ಟುತ್ತಿದ್ದರು. ಹಾಗಾಗಿ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗುತ್ತಿದ್ದೆವು. ಅಲ್ಲಿ ಗೆಳೆಯನೊಬ್ಬನ ಕೆಂಪು ಬಾಳೆಯ ತೋಟ, ಪಕ್ಕದಲ್ಲೇ ಪಂಪ್‌ಸೆಟ್ಟಿನ ಕೋಣೆ, ಕರೆಂಟು ಇದ್ದಷ್ಟು ಹೊತ್ತು ಹಾಡು. ಊರಿನ ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದ ಹಿರಿಯರೊಬ್ಬರು ಒಂದು ಸಂಜೆ ಬಂದು ಕೂತರು. ಇಂಗ್ಲಿಷ್ ಬಾರದು. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತ ಕೇಳಿದರು. ನಡುವೆ ತಟ್ಟನೆ ಕಣ್ಣು ಬಿಟ್ಟು, "ಏ ತಮ್ಮಾ, ಇಲ್ಲಿ ಒಂದ್ ಮಾತ್ರಿ ಕಳದ್ಹೋಗ್ಯಾದ ನೋಡು" ಅಂದರು. "ಕಳದಿಲ್ರೀ ಕಾಕಾ, ಇನ್ನೊಮ್ಮಿ ಕೇಳ್ರಿ" ಎಂದು ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದೆವು. ಎರಡನೆಯ ಸಲ ಎಣಿಕೆ ಮುಗಿದ ಕಡೆ ಅವರ ಅಂಗೈ ತೊಡೆಯ ಮೇಲೆ ಬಿತ್ತು. "ಹೌದ್ಹೌದು! ಎಲ್ಲ್ಯಾರ ತಿರುಗ್ಯಾಡ್ಲಿ, ಸಮಕ್ಕ ಬಂದ್ ಕೂಡ್ತಾರಲ್ಲ ಮಕ್ಕಳು!"

ರಾಜೀವ್ ಅವರ ಡ್ರಮ್ಸ್ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲಿಯೂ ಓದಿಲ್ಲ. ತಾಳ ಹೀಗೆ ತಿರುಗಾಡುವ ಸಂಗೀತವನ್ನು ಪಶ್ಚಿಮದಲ್ಲಿ ಪ್ರೋಗ್ರೆಸಿವ್ ರಾಕ್ ಎಂದು ಕರೆಯುತ್ತಾರೆ. 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಮೂಡಿ ಬ್ಲೂಸ್, ಜೆಥ್ರೋ ಟಲ್, ಯೆಸ್‌ನಂಥ ಬ್ಯಾಂಡ್‌ಗಳು ನಾಲ್ಕು ಮಾತ್ರೆಯ ನೇರ ನಡೆ ಬಿಟ್ಟು, ಒಂದು ಹಾಡಿನೊಳಗೆ ಹಲವು ತಿರುವು ತಂದವು. ಟಾಕ್‌ನವರು ಅದಕ್ಕೆ ಜಾಝ್, ಬ್ಲೂಸ್, ಫಂಕ್ ಬೆರೆಸಿ, ಮೇಲೆ ಬ್ರೂಸ್ ಅವರ ಮೆದು ದನಿಯನ್ನು ಇಟ್ಟರು. ತಾಳ ಎಷ್ಟೇ ಜಟಿಲವಾಗಲಿ, ಹಾಡು ಕಿವಿಗೆ ಭಾರವಾಗುವುದಿಲ್ಲ. ಮುಂದೆ ಇದೇ ಬ್ಯಾಂಡು ಡೀಪ್ ಪರ್ಪಲ್, ಜೆಥ್ರೋ ಟಲ್ ತಂಡಗಳ ಕಾರ್ಯಕ್ರಮಕ್ಕೆ ಮುನ್ನ ಅದೇ ವೇದಿಕೆಯಲ್ಲಿ ನುಡಿಸಿತು ಎಂದು ತಿಳಿದಾಗ ಪಂಪ್‌ಸೆಟ್ ಕೋಣೆಯಲ್ಲಿ ಪೇಢೆ ಹಂಚಿದೆವು.

2002ರಲ್ಲಿ 'ಜುಪಿಟರ್ ಕೆಫೆ', ಆಮೇಲೆ 'ಪ್ಲಾನ್ ಬಿ', 2008ರಲ್ಲಿ 'ದಿಸ್ ಈಸ್ ಇಟ್' ಬಂದವು. ಎಡಿನ್‌ಬರೋದ ಫ್ರಿಂಜ್ ಉತ್ಸವದವರೆಗೂ ಹೋಗಿ ಬಂದರು. ನಮ್ಮ ಬಳಗದವರಿಗೆ ಆ ವರ್ಷಗಳಲ್ಲಿ ನೌಕರಿ, ಮದುವೆ, ವರ್ಗಾವಣೆ. ಕೂಡುವುದು ಕಡಿಮೆಯಾಯಿತು. ಬ್ಯಾಂಡಿನಲ್ಲಿಯೂ ಬದಲಾವಣೆಗಳಾದವು. ಸುನಿಲ್ ಹೊರಟರು, ಮುಂದೆ ರೂಡ್ ಕೂಡ ತಮ್ಮ ದಾರಿ ಹಿಡಿದರು. ಯಾರು ಯಾಕೆ ಹೊರಟರು ಎಂಬ ಚರ್ಚೆಗೆ ಇದು ಜಾಗವಲ್ಲ. ಹೊರಟವರು ನುಡಿಸಿದ್ದು ಆಲ್ಬಮ್‌ಗಳಲ್ಲಿ ಉಳಿದಿದೆ, ನಮಗೆ ಅಷ್ಟು ಸಾಕು. ನಮ್ಮ ಬಳಗ ಕೆಲಕಾಲ ಎರಡು ಕಡೆ ಕೂಡುತ್ತಿದ್ದದ್ದನ್ನೂ ಇದೇ ಭಾವದಲ್ಲಿ ನೋಡಬೇಕೆಂದು ನನ್ನ ವಿನಂತಿ.

2012ರ 'ತ್ರೀ ವೀಲ್ಸ್ ನೈನ್ ಲೈವ್ಸ್' ಬಗ್ಗೆ ಮಾತ್ರ ಅವಸರ ಸಲ್ಲದು. ಮೂರು ತಟ್ಟೆಗಳ ಆಲ್ಬಮ್. ಜನ ಒಂದೊಂದೇ ಹಾಡು ಇಳಿಸಿಕೊಂಡು ಕೇಳತೊಡಗಿದ್ದ ಕಾಲದಲ್ಲಿ ಮೂರು ತಟ್ಟೆ ಹೊರತರಲು ಗುಂಡಿಗೆ ಬೇಕು. ಮೂರು ಗಾಲಿಯೆಂದರೆ ಬೆಂಗಳೂರಿನ ಆಟೋರಿಕ್ಷಾ. ಅದರಲ್ಲಿ 'ಮೀಟರ್ ಮೇಲೆ ಒನ್ ಅಂಡ್ ಎ ಹಾಫ್' ಎಂಬ ಹಾಡಿದೆ. ರಾತ್ರಿ ಹತ್ತರ ಮೇಲೆ ಮೆಜೆಸ್ಟಿಕ್‌ನಲ್ಲಿ ಇಳಿದ ಕಲಬುರಗಿಯ ಯಾವ ಪ್ರಯಾಣಿಕನಿಗೂ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಮೀಟರೇ ಇಲ್ಲ, ಸೀಟಿನ ಲೆಕ್ಕ. ಕಮಲಾಪುರದ ದಾರಿಯಲ್ಲಿ ಟಂಟಂನವನು ಇನ್ನೊಬ್ಬ ಹತ್ತುವವರೆಗೆ ಹೊರಡುವುದಿಲ್ಲ. ಆ ಹಾಡು ಕೇಳಿದ ಮೇಲೆ ನಮ್ಮ ಟಂಟಂ ಮೇಲೂ ಒಂದು ಹಾಡು ಕಟ್ಟಬಹುದಲ್ಲ ಎಂದು ಬಳಗದಲ್ಲಿ ಮೊದಲ ಬಾರಿಗೆ ಯಾರೋ ಅಂದರು. ಅಲ್ಲಿಯವರೆಗೆ ನಾವು ಬರೀ ಕೇಳುಗರು.

ಇಂಗ್ಲಿಷಿನಲ್ಲಿ ಹಾಡುವವರಿಗೆ ಕನ್ನಡದ ಸಂಚಿಕೆಯಲ್ಲಿ ಯಾಕೆ ಜಾಗ ಎಂದು ಸಮಿತಿಯ ಒಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ರಘು ದೀಕ್ಷಿತರು ಶಿಶುನಾಳ ಶರೀಫರನ್ನು ಗಿಟಾರಿಗೆ ತಂದರು, ಸ್ವರಾತ್ಮ ತಂಡದವರು ಕನ್ನಡದಲ್ಲಿ ಹಾಡಿದರು. ತತ್ವಪದ ಕೇಳಿ ಬೆಳೆದ ನಮಗೆ ಅವರಿಬ್ಬರೂ ಹತ್ತಿರದವರು. ಆದರೆ ಕರ್ನಾಟಕದಲ್ಲಿ ಸ್ವಂತ ಹಾಡಿನ ಬ್ಯಾಂಡೊಂದು ಸಿನಿಮಾದ ಆಸರೆಯಿಲ್ಲದೆ ವರ್ಷಗಟ್ಟಲೆ ಬಾಳಬಹುದು ಎಂದು ತೋರಿಸಿದವರಲ್ಲಿ ಟಾಕ್‌ನವರು ಮುಂಚೂಣಿಯಲ್ಲಿದ್ದಾರೆ. ತಮ್ಮ ಸಂಗೀತವನ್ನು ಅವರು ಕರೆದುಕೊಂಡದ್ದೇ ಬೆಂಗಳೂರು ರಾಕ್ ಎಂದು. ಊರು ಬಿಡದೆ, ಊರಿನ ಮೇಲೇ ಹಾಡು ಕಟ್ಟಿದರು. ನಾನು ಅವರನ್ನು ಗೌರವಿಸುವುದು ಇದಕ್ಕಾಗಿ.

ಎಲ್ಲಕ್ಕಿಂತ ದೊಡ್ಡ ಕೆಲಸವೆಂದು ನಾನು ಎಣಿಸುವುದು ಅವರು ಬೆಂಗಳೂರಿನಲ್ಲಿ ತೆರೆದ ಸಂಗೀತ ಶಾಲೆ 'ಟಾಕಾಡೆಮಿ'ಯನ್ನು. ಆಲ್ಬಮ್‌ಗಳನ್ನು ಇದಕ್ಕಿಂತ ಮೇಲಿಡುವವರು ಬಳಗದಲ್ಲಿ ಇದ್ದಾರೆ, ಇರಲಿ. ನನ್ನ ತಂಗಿಯ ಮಗ ಅಲ್ಲಿ ಗಿಟಾರ್ ಕಲಿತ. ಮೊದಲ ತಿಂಗಳು ರಜೆಗೆ ಬಂದವನು ಗಿಟಾರ್ ಮುಟ್ಟಲೇ ಇಲ್ಲ. ಮೊಬೈಲಿನಲ್ಲಿ ಮೆಟ್ರೊನೋಮ್ ಹಚ್ಚಿ ಅಂಗಳದಲ್ಲಿ ಹೆಜ್ಜೆ ಹಾಕುತ್ತ ಎಣಿಸುತ್ತಿದ್ದ. ಕಾಕಾ ಇದ್ದಿದ್ದರೆ ಮೆಚ್ಚುತ್ತಿದ್ದರು.

ಈಗ ಬ್ರೂಸ್, ರಾಜೀವ್ ಜೊತೆಗೆ ಟೋನಿ ದಾಸ್ ಗಿಟಾರ್, ಲೆಸ್ಲಿ ಚಾರ್ಲ್ಸ್ ಬೇಸ್ ನುಡಿಸುತ್ತಾರೆ. ಎರಡು ಗಿಟಾರು ಬಂದ ಮೇಲೆ ದನಿ ತುಂಬಿಕೊಂಡಿದೆ. 2020ರಲ್ಲಿ, ಕೊರೊನಾದ ನಡುವೆ, 'ಎ ವರ್ಲ್ಡ್ ಗಾನ್ ಮ್ಯಾಡ್' ಬಂತು. ಬಾಗಿಲು ಮುಚ್ಚಿಕೊಂಡು ಕೂತಿದ್ದ ಬಳಗ ಆಗ ಫೋನಿನಲ್ಲೇ ಮತ್ತೆ ಒಂದಾಯಿತು. ಎರಡು ಕಡೆ ಕೂಡುತ್ತಿದ್ದವರೂ ಒಂದೇ ಗುಂಪಿಗೆ ಸೇರಿದರು.

ಸಂಚಿಕೆ ಬಿಡುಗಡೆಯಾದ ಮೇಲೆ ಬರುವ ರವಿವಾರ ಕಮಲಾಪುರದ ತೋಟದಲ್ಲಿ ಕೂಡುತ್ತೇವೆ. ಈಗ ಬೀದರ್ ರೈಲಿಗೆ ಬಂದರೂ ಕಮಲಾಪುರದಲ್ಲಿ ಇಳಿಯಬಹುದು. ನಮ್ಮ ಹುಡುಗರು ಟಂಟಂ ಮೇಲೆ ಕಟ್ಟಿದ ಹಾಡನ್ನು ಅಂದು ಮೊದಲ ಬಾರಿ ನುಡಿಸಲಿದ್ದಾರೆ. ಹೊಸಬರು 'ತ್ರೀ ವೀಲ್ಸ್' ಆಲ್ಬಮ್ಮಿನ ಮೊದಲ ತಟ್ಟೆಯನ್ನಾದರೂ ಕೇಳಿ ಬರಬೇಕೆಂದು ಕೋರಿಕೆ.