ಲಿಲಾವಿಗೆ ಬಂದ ಪೊಲೀಸ್ ಜೀಪು

ವಾಚಕರೇ, ಸೇವೆ ಮುಗಿದ ಪೊಲೀಸ್ ಜೀಪೊಂದನ್ನು ಮಾನ್ವಿ ಸೀಮೆಯ ಬಾಗಲವಾಡದ ರೈತನೊಬ್ಬ ಲಿಲಾವಿನಲ್ಲಿ ಹಿಡಿದನೆನ್ನಿ. ಹಣ ಕಟ್ಟಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆ? ಇಲ್ಲ. 1939ರ ಕಾಯಿದೆಯ ಸ್ಥಾನದಲ್ಲಿ 1989ರ ಜುಲೈ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯಿದೆ ಮತ್ತು ಅದರ ನಿಯಮಗಳ ಮೇರೆಗೆ, ಸರಕಾರಿ ಲಿಲಾವಿನಲ್ಲಿ ಕೊಂಡವನು ವಾಹನ ಕೈಸೇರಿದ 30 ದಿನಗಳೊಳಗೆ 32ನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಒಡೆತನವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ, ಅಪಘಾತವಾದ ದಿನ ನೋಂದಣಿ ಪುಸ್ತಕದಲ್ಲಿ ಒಡೆಯ ಇನ್ನೂ ಇಲಾಖೆಯೇ!

2023ರ ಏಪ್ರಿಲ್ 1ರಿಂದ ಕಟ್ಟಳೆ ಮತ್ತೂ ಬಿಗಿಯಾಯಿತು. 15 ವರ್ಷ ತುಂಬಿದ ಸರಕಾರಿ ವಾಹನದ ನೋಂದಣಿಯನ್ನು ಮುಂದುವರಿಸುವಂತಿಲ್ಲ. ಅದು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ದೇಶರಕ್ಷಣೆಗೂ ಶಾಂತಿಪಾಲನೆಗೂ ಬಳಸುವ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ ಉಂಟು. ಆದುದರಿಂದ ಹಳೆಯ ಜೀಪು ಅಗ್ಗವೆಂದು ಯಾರಾದರೂ ಹೇಳಿದರೆ, ಬೆಲೆ ಕೇಳುವ ಮೊದಲು ಅದರ ವಯಸ್ಸು ಕೇಳಿರಿ.