ಹುಟ್ಟೂರಿನ ಹೊಲ, ಹೊರದೇಶದ ಪಾಸ್‌ಪೋರ್ಟ್: ವಿದೇಶಿ ಪ್ರಜೆ ನಮ್ಮಲ್ಲಿ ಆಸ್ತಿ ಕೊಳ್ಳಬಹುದೆ?

ಮಟಕಿ (ಆಳಂದ ತಾಲ್ಲೂಕು): ಈ ಊರಿನಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಮೂಲಕ ಅಮೆರಿಕ ಸೇರಿದ ಮಗನೊಬ್ಬನನ್ನು ಊಹಿಸಿಕೊಳ್ಳಿ. ಹದಿನೈದು ವರ್ಷಗಳ ನಂತರ ಆತ ಅಲ್ಲಿನ ಪೌರತ್ವ ಪಡೆದಿದ್ದಾನೆ. ಅಪ್ಪನ ಹೊಲದ ಬದುವಿಗೆ ಹೊಂದಿಕೊಂಡ ನಾಲ್ಕು ಎಕರೆ ತೊಗರಿ ಹೊಲ ಮಾರಾಟಕ್ಕೆ ಬಂದಿದೆಯೆಂದು ಊರಿನಲ್ಲಿರುವ ತಮ್ಮ ಫೋನ್ ಮಾಡುತ್ತಾನೆ. ಅಣ್ಣನ ಬಳಿ ಹಣವಿದೆ, ಮನಸ್ಸೂ ಇದೆ. ಮಾರುವವರು ಮೂರು ತಲೆಮಾರಿನ ಪರಿಚಿತರು. ಆದರೂ ಆ ಹೊಲವನ್ನು ಆತ ತನ್ನ ಹೆಸರಿಗೆ ಕೊಳ್ಳುವಂತಿಲ್ಲ.

ಇದು ಅನೇಕರಿಗೆ ತಿಳಿದಿಲ್ಲ. ತಿಳಿಯುವ ಹೊತ್ತಿಗೆ ಇಸಾರದ ಹಣ ಕೈಬಿಟ್ಟಿರುತ್ತದೆ. ಆದ್ದರಿಂದ ವಿದೇಶಿ ಪೌರತ್ವ ಪಡೆದವರು, ಪೌರತ್ವ ಉಳಿಸಿಕೊಂಡೇ ಹೊರದೇಶದಲ್ಲಿ ನೆಲೆಸಿದವರು ಹಾಗೂ ಭಾರತದೊಡನೆ ಯಾವ ಮೂಲಸಂಬಂಧವೂ ಇಲ್ಲದ ವಿದೇಶಿಯರು ನಮ್ಮ ನೆಲದಲ್ಲಿ ಏನನ್ನು ಕೊಳ್ಳಬಹುದು, ಏನನ್ನು ಕೊಳ್ಳಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರಾಜ್ಯ ತೆರೆದ ಬಾಗಿಲು, ಕೇಂದ್ರ ಹಾಕಿದ ಬೀಗ

ಗೊಂದಲದ ಮೂಲ 2020ರಲ್ಲಿದೆ. ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ರೂಪಾಯಿ ಮೀರಿದವರು ಕೃಷಿ ಭೂಮಿ ಪಡೆಯುವಂತಿಲ್ಲ ಎಂದಿದ್ದ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79(ಎ) ಕಲಮನ್ನು ಆ ವರ್ಷ ತೆಗೆದುಹಾಕಲಾಯಿತು. ರೈತ ಸಂಘಟನೆಗಳ ತೀವ್ರ ವಿರೋಧದ ನಡುವೆ ಬಂದ ಈ ತಿದ್ದುಪಡಿಯಿಂದ, 'ಇನ್ನು ಯಾರು ಬೇಕಾದರೂ ಹೊಲ ಕೊಳ್ಳಬಹುದು' ಎಂಬ ಮಾತು ಹಳ್ಳಿ ಹಳ್ಳಿಗೆ ತಲುಪಿತು. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಹೊಲ ಕೊಳ್ಳಲು ಕೃಷಿಕನೆಂಬ ದಾಖಲೆ ಬೇಕು. ನಮ್ಮಲ್ಲಿ ಬೇಡ ಎಂಬುದು ಆಳಂದ ಭಾಗದ ದಲ್ಲಾಳಿಗಳಿಗೆ ಒಂದು ಪ್ರಚಾರದ ಮಾತೇ ಆಯಿತೆನ್ನಬಹುದು.

ಆದರೆ 'ಯಾರು ಬೇಕಾದರೂ' ಎಂಬುದರಲ್ಲಿ ಹೊರದೇಶದ ನಿವಾಸಿಗಳು ಸೇರುವುದಿಲ್ಲ. ಅವರ ವಿಷಯ ರಾಜ್ಯದ ಭೂ ಕಾಯ್ದೆಗಷ್ಟೇ ಸೇರಿದ್ದಲ್ಲ. ಅದನ್ನು ನಿಯಂತ್ರಿಸುವುದು ಕೇಂದ್ರದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ. 1973ರ ಕಠಿಣವಾದ ಫೆರಾ ಕಾಯ್ದೆಯ ಸ್ಥಾನದಲ್ಲಿ 2000ದ ಜೂನ್ 1ರಿಂದ ಜಾರಿಗೆ ಬಂದ ಈ ಕಾಯ್ದೆಯಡಿ, 2019ರ ಅಕ್ಟೋಬರ್‌ನಲ್ಲಿ ಹೊಸ ನಿಯಮಗಳನ್ನು ಹೊರಡಿಸಲಾಗಿದೆ. ಅದರ ಪ್ರಕಾರ ಅನಿವಾಸಿ ಭಾರತೀಯರು ಮತ್ತು ಸಾಗರೋತ್ತರ ನಾಗರಿಕ ಕಾರ್ಡ್ (ಒಸಿಐ) ಹೊಂದಿರುವವರು ಭಾರತದಲ್ಲಿ ಮನೆ, ನಿವೇಶನ, ಅಂಗಡಿ, ಫ್ಲ್ಯಾಟ್ ಮುಂತಾದವನ್ನು ರಿಸರ್ವ್ ಬ್ಯಾಂಕಿನ ಪ್ರತ್ಯೇಕ ಅನುಮತಿಯಿಲ್ಲದೆ ಕೊಳ್ಳಬಹುದು. ಕೃಷಿ ಭೂಮಿ, ತೋಟದ ಮನೆ ಹಾಗೂ ಪ್ಲಾಂಟೇಶನ್ ಜಮೀನುಗಳನ್ನು ಮಾತ್ರ ಕೊಳ್ಳುವಂತಿಲ್ಲ.

ಒಸಿಐ ಎಂಬ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. ಅದರಲ್ಲಿ 'ನಾಗರಿಕ' ಎಂಬ ಪದವಿದ್ದರೂ ಅದು ಪೌರತ್ವವಲ್ಲ. ನಮ್ಮ ಸಂವಿಧಾನ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಆ ಕಾರ್ಡು ಆಜೀವ ವೀಸಾದೊಡನೆ ಕೆಲವು ಸೌಲಭ್ಯಗಳನ್ನು ಕೊಡುತ್ತದೆ. ಆ ಸೌಲಭ್ಯಗಳಲ್ಲಿ ಹೊಲ ಕೊಳ್ಳುವುದು ಸೇರಿಲ್ಲವೆಂದು 2021ರ ಮಾರ್ಚ್‌ನ ಕೇಂದ್ರದ ಅಧಿಸೂಚನೆ ಮತ್ತೊಮ್ಮೆ ಹೇಳಿದೆ. ಕಲ್ಯಾಣ ಕರ್ನಾಟಕಕ್ಕೆ ದೊರೆತ 371(ಜೆ) ವಿಶೇಷ ಸ್ಥಾನಮಾನದಿಂದ ಹೊರಗಿನವರ ಭೂ ಖರೀದಿಗೆ ತಡೆಯಿದೆಯೆಂದು ನಂಬಿರುವವರೂ ಉಂಟು. ಅದು ಶಿಕ್ಷಣ, ಉದ್ಯೋಗ ಮತ್ತು ಅಭಿವೃದ್ಧಿ ಅನುದಾನಕ್ಕೆ ಸಂಬಂಧಿಸಿದ್ದು. ಭೂಮಿಗೂ ಅದಕ್ಕೂ ನಂಟಿಲ್ಲ.

ದುಬೈಯಲ್ಲಿರುವವರಿಗೂ ಇದೇ ನಿಯಮ

ಇನ್ನೊಂದು ಅಂಶ ಇದಕ್ಕಿಂತ ಹೆಚ್ಚು ಮಂದಿಯನ್ನು ಮುಟ್ಟುತ್ತದೆ. ನಮ್ಮ ಜಿಲ್ಲೆಯಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರ ಕೈಯಲ್ಲಿ ಇರುವುದು ಭಾರತದ ಪಾಸ್‌ಪೋರ್ಟೇ. ಆದರೂ ನೌಕರಿಗೆಂದು ಹೊರದೇಶದಲ್ಲಿ ನೆಲೆಸಿರುವಷ್ಟು ಕಾಲ ಅವರು ಫೆಮಾ ದೃಷ್ಟಿಯಲ್ಲಿ 'ಭಾರತದ ಹೊರಗಿನ ನಿವಾಸಿ'ಗಳು. ಅವರೂ ಆ ಅವಧಿಯಲ್ಲಿ ಹೊಲ ಕೊಳ್ಳುವಂತಿಲ್ಲ. ಹೊರಡುವ ಮುನ್ನ ಕೊಂಡಿದ್ದ ಹೊಲವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಕೆಲಸ ಬಿಟ್ಟು ಶಾಶ್ವತವಾಗಿ ಊರಿಗೆ ಮರಳಿದ ಭಾರತೀಯ ಪ್ರಜೆ ಮತ್ತೆ ಎಲ್ಲರಂತೆ ಕೊಳ್ಳಬಹುದು. ರಜೆಗೆ ಬಂದ ಒಂದು ತಿಂಗಳಲ್ಲಿ ಆಳಂದದ ಉಪನೋಂದಣಿ ಕಚೇರಿಗೆ ಹೋಗಿ ಖರೀದಿ ಮುಗಿಸಿಕೊಂಡು ಹೋಗುವುದು ಮಾತ್ರ ನಿಯಮಕ್ಕೆ ಒಪ್ಪುವುದಿಲ್ಲ. ಪತ್ರ ನೋಂದಣಿಯಾಯಿತು, ಪಹಣಿಯಲ್ಲಿ ಹೆಸರು ಬಂತು ಎಂದ ಮಾತ್ರಕ್ಕೆ ಫೆಮಾ ಉಲ್ಲಂಘನೆ ಸರಿಹೋಗುವುದೂ ಇಲ್ಲ. ಜಾರಿ ನಿರ್ದೇಶನಾಲಯವು ತೊಡಗಿಸಿದ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ತಮ್ಮನ ಹೆಸರಿನಲ್ಲಿ ಕೊಂಡರೆ?

ಇಷ್ಟು ಹೇಳಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. 'ಹಣ ನಾನು ಕಳಿಸುತ್ತೇನೆ, ಖರೀದಿ ತಮ್ಮನ ಹೆಸರಿಗೆ ಆಗಲಿ. ಹೊಲ ಮಾತ್ರ ನನ್ನದು.' ಮನೆಯೊಳಗಿನ ನಂಬಿಕೆಯ ಮಾತಾಗಿ ಕೇಳಿಸುವ ಈ ಏರ್ಪಾಡು ಕಾನೂನಿನ ಕಣ್ಣಿನಲ್ಲಿ ಬೇನಾಮಿ ಆಗಬಹುದು.

2016ರಲ್ಲಿ ಬಿಗಿಗೊಳಿಸಲಾದ ಬೇನಾಮಿ ವ್ಯವಹಾರ ನಿಷೇಧ ಕಾಯ್ದೆಯಲ್ಲಿ ಕುಟುಂಬದವರಿಗೆ ಕೆಲವು ವಿನಾಯಿತಿಗಳಿವೆ. ಹೆಂಡತಿ ಅಥವಾ ಮಕ್ಕಳ ಹೆಸರಿನಲ್ಲಿ ಲೆಕ್ಕವಿರುವ ಹಣದಿಂದ ಕೊಂಡರೆ ಅದು ಬೇನಾಮಿಯಲ್ಲ. ಆದರೆ ಅಣ್ಣ, ತಮ್ಮ, ಅಕ್ಕ, ತಂಗಿ, ತಂದೆ, ತಾಯಿಯ ವಿಷಯದಲ್ಲಿ ಹಣ ಕೊಟ್ಟವನ ಹೆಸರೂ ಜಂಟಿ ಮಾಲೀಕನೆಂದು ದಾಖಲೆಯಲ್ಲಿ ಇರಬೇಕು. ಅಮೆರಿಕದ ಪ್ರಜೆಯಾದ ಅಣ್ಣನ ಹೆಸರನ್ನು ಹೊಲದ ಪತ್ರದಲ್ಲಿ ಬರೆಸಿದರೆ ಫೆಮಾ ಅಡ್ಡ ಬರುತ್ತದೆ, ಬರೆಸದಿದ್ದರೆ ಬೇನಾಮಿ ಕಾಯ್ದೆ ಎದುರಾಗುತ್ತದೆ. ಬೇನಾಮಿಯೆಂದು ಸಾಬೀತಾದರೆ ಆಸ್ತಿ ಸರ್ಕಾರದ ವಶವಾಗುತ್ತದೆ. ಒಂದರಿಂದ ಏಳು ವರ್ಷಗಳವರೆಗೆ ಸೆರೆವಾಸ, ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡ ಉಂಟು.

ಸರ್ಕಾರ ಬಾರದಿದ್ದರೂ ಮನೆಯೊಳಗಿನ ಅಪಾಯ ತಪ್ಪುವುದಿಲ್ಲ. ಪಹಣಿಯಲ್ಲಿ ತಮ್ಮನ ಹೆಸರಿದ್ದರೆ ಬ್ಯಾಂಕಿನ ಬೆಳೆಸಾಲ ಅವನಿಗೆ, ಬೆಳೆ ವಿಮೆ ಅವನಿಗೆ. ಅವನ ಕಾಲಾನಂತರ ವಾರಸಾ ಆಗುವುದು ಅವನ ಹೆಂಡತಿ ಮಕ್ಕಳಿಗೆ. 'ಅದು ನನ್ನ ಹಣದ ಹೊಲ' ಎಂದು ಅಣ್ಣ ದಾವೆ ಹೂಡಿದರೆ ಆ ಕಾಯ್ದೆಯ 4ನೇ ಕಲಮೇ ಅಂಥ ದಾವೆಯನ್ನು ನಿಷೇಧಿಸುತ್ತದೆ. ತಮ್ಮನಿಗೆ ನಿಜವಾಗಿಯೂ ಕೊಡಬೇಕೆಂದಿದ್ದರೆ ದಾರಿ ಸರಳ: ಬ್ಯಾಂಕಿನ ಮೂಲಕ ಹಣವನ್ನು ಕಾಣಿಕೆಯಾಗಿ ಕಳಿಸಿ, ಕಾಣಿಕೆ ಪತ್ರ ಮಾಡಿಕೊಳ್ಳಬಹುದು. ಒಡಹುಟ್ಟಿದವರ ನಡುವಿನ ಅಂಥ ಕಾಣಿಕೆಗೆ ಇಲ್ಲಿ ಆದಾಯ ತೆರಿಗೆಯಿಲ್ಲ. ಆದರೆ ಆಗ ಹೊಲ ತಮ್ಮನದೇ. ಹಾಗೆಂದು ಮನಸ್ಸು ಒಪ್ಪಿಸಿಕೊಂಡೇ ಹಣ ಕಳಿಸಬೇಕು.

ಪಿತ್ರಾರ್ಜಿತಕ್ಕೆ ಅಡ್ಡಿಯಿಲ್ಲ

ಕೊಳ್ಳಬಾರದು ಎಂದ ಕಾನೂನು ವಾರಸುದಾರಿಕೆಯನ್ನು ತಡೆಯುವುದಿಲ್ಲ. ಭಾರತದಲ್ಲಿ ವಾಸವಾಗಿದ್ದ ತಂದೆ ತಾಯಿ ತೀರಿಕೊಂಡ ನಂತರ ಅವರ ಹೊಲದ ಪಾಲು ವಿದೇಶಿ ಪ್ರಜೆಯಾದ ಮಗನಿಗೂ ಮಗಳಿಗೂ ಬರುತ್ತದೆ. ತಂದೆ ಬದುಕಿರುವಾಗಲೇ ಆ ಹೊಲವನ್ನು ಹೊರದೇಶದ ಮಗನಿಗೆ ದಾನಪತ್ರ ಮಾಡಿಕೊಡಲು ಮಾತ್ರ ಬರುವುದಿಲ್ಲ; ಮನೆ ಅಥವಾ ನಿವೇಶನವಾದರೆ ಮಾಡಿಕೊಡಬಹುದು.

ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷದಲ್ಲಿ ಹೊರದೇಶದವರ ಹೆಸರು, ಅದರಲ್ಲೂ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು, ಬಿಟ್ಟುಹೋಗುವ ರೂಢಿ ಈ ಭಾಗದಲ್ಲಿ ಹೊಸದಲ್ಲ. ಹಿಂದೂ ಕುಟುಂಬಗಳಲ್ಲಿ ಮಗಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಇದೆಯೆಂದು 2005ರ ತಿದ್ದುಪಡಿಯನ್ನು ವ್ಯಾಖ್ಯಾನಿಸಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಪು ನೀಡಿದೆ. ಪಾಸ್‌ಪೋರ್ಟಿನ ಬಣ್ಣ ಬದಲಾದರೂ ಆ ಹಕ್ಕು ಹೋಗುವುದಿಲ್ಲ.

ಹೀಗೆ ಬಂದ ಹೊಲವನ್ನು ಲಾವಣಿಗೆ ಬಿಟ್ಟು ನಿಶ್ಚಿಂತರಾಗುವವರು ಎಚ್ಚರ ವಹಿಸಬೇಕು. ಬಾಯಿಮಾತಿನ ಲಾವಣಿ ಎಲ್ಲೆಡೆ ನಡೆದಿದ್ದರೂ, ಭೂ ಸುಧಾರಣಾ ಕಾಯ್ದೆಯ 5ನೇ ಕಲಮು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ. ಮಾರುವುದಾದರೆ ಭಾರತದಲ್ಲಿ ವಾಸವಾಗಿರುವ ಭಾರತೀಯ ಪ್ರಜೆಗೇ ಮಾರಬೇಕು, ಇನ್ನೊಬ್ಬ ಒಸಿಐ ಕಾರ್ಡುದಾರನಿಗಲ್ಲ. ಬಂದ ಹಣ ಎನ್‌ಆರ್‌ಒ ಖಾತೆಗೆ ಜಮೆಯಾಗಿ, ಲೆಕ್ಕಪರಿಶೋಧಕರ ಪ್ರಮಾಣಪತ್ರದೊಡನೆ ಆರ್ಥಿಕ ವರ್ಷವೊಂದಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಹೋಗಬಹುದು. ಆಳಂದದಂಥ ಸಣ್ಣ ಪುರಸಭೆಯ ಗಡಿಯಿಂದ 2 ಕಿ.ಮೀ. ಆಚೆಗಿರುವ ಗ್ರಾಮೀಣ ಕೃಷಿ ಭೂಮಿಯಾದರೆ ಮಾರಾಟದ ಲಾಭಕ್ಕೆ ಭಾರತದಲ್ಲಿ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಆತ ನೆಲೆಸಿರುವ ದೇಶದ ತೆರಿಗೆ ಬೇರೆ ವಿಷಯ.

ಮನೆ, ನಿವೇಶನ ಕೊಳ್ಳುವವರಿಗೆ

ಊರೊಳಗೆ ಗ್ರಾಮಠಾಣಾದಲ್ಲಿ ಮನೆ ಕೊಳ್ಳಲು ಒಸಿಐ ಕಾರ್ಡುದಾರರಿಗೆ ತೊಂದರೆಯಿಲ್ಲ. ಪಂಚಾಯಿತಿಯ ಇ-ಸ್ವತ್ತು ದಾಖಲೆ ನೋಡಿಕೊಳ್ಳಬೇಕು. ಕಲಬುರಗಿಯ ಸುತ್ತಲಿನ ಲೇಔಟುಗಳಲ್ಲಿ ನಿವೇಶನ ಕೊಳ್ಳುವವರು ಜಮೀನು ಎನ್‌ಎ ಆಗಿರುವುದನ್ನು, ಅಂದರೆ ಜಿಲ್ಲಾಧಿಕಾರಿಯ ಭೂ ಪರಿವರ್ತನೆ ಆದೇಶವನ್ನು, ಕಣ್ಣಾರೆ ನೋಡಬೇಕು. 'ಮೊದಲು ಕೊಳ್ಳಿ, ಎನ್‌ಎ ಆಮೇಲೆ ಮಾಡಿಸೋಣ' ಎಂಬ ಮಾತಿಗೆ ಬಲಿಯಾದರೆ ಕೊಂಡ ದಿನ ಅದು ಕೃಷಿ ಭೂಮಿಯೇ ಆಗಿತ್ತು ಎಂಬುದು ಪತ್ರದಲ್ಲೇ ಉಳಿಯುತ್ತದೆ.

ಹಣ ಬ್ಯಾಂಕಿನ ಮೂಲಕ ಹೊರದೇಶದಿಂದ ಬರಬೇಕು, ಇಲ್ಲವೇ ಅನಿವಾಸಿ ಖಾತೆಯಿಂದ ಸಲ್ಲಬೇಕು. ಡಾಲರ್ ನೋಟು, ಟ್ರಾವೆಲರ್ಸ್ ಚೆಕ್ ನಡೆಯುವುದಿಲ್ಲ. ಖುದ್ದಾಗಿ ಬರಲಾಗದವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಥವಾ ನೋಟರಿಯ ಮುಂದೆ ಮುಖ್ತಿಯಾರ್ ಪತ್ರ ಮಾಡಿಸಿ ಕಳಿಸಿದರೆ, ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅನಿವಾಸಿಯಿಂದ ಮನೆ ಕೊಳ್ಳುವ ಸ್ಥಳೀಯರೂ ಒಂದು ಮಾತು ನೆನಪಿಡಬೇಕು: ಇಲ್ಲಿನ ನಿವಾಸಿ ಮಾರಿದಾಗ ಮುರಿದುಕೊಳ್ಳುವ ಶೇ 1ರ ಟಿಡಿಎಸ್ ಇಲ್ಲಿ ಅನ್ವಯಿಸದು, ದರ ಬಹಳ ಹೆಚ್ಚು. ಮುರಿದುಕೊಳ್ಳದಿದ್ದರೆ ತೆರಿಗೆ ಇಲಾಖೆ ಕೇಳುವುದು ಕೊಂಡವರನ್ನೇ.

ಒಸಿಐ ಕಾರ್ಡಿಲ್ಲದ, ಭಾರತದ ಹೊರಗೇ ವಾಸವಾಗಿರುವ ವಿದೇಶಿಯರಿಗೆ ಖರೀದಿಯ ಹಕ್ಕಿಲ್ಲ. ಐದು ವರ್ಷ ಮೀರದ ಬಾಡಿಗೆಗೆ ಪಡೆಯಬಹುದು. ಆದರೆ ಅನಿವಾಸಿಯನ್ನೋ ಒಸಿಐ ಕಾರ್ಡುದಾರರನ್ನೋ ಮದುವೆಯಾದವರು, ಮದುವೆ ನೋಂದಣಿಯಾಗಿ ಎರಡು ವರ್ಷ ಸತತವಾಗಿ ಉಳಿದಿದ್ದರೆ, ಸಂಗಾತಿಯೊಡನೆ ಜಂಟಿಯಾಗಿ ಒಂದು ಕೃಷಿಯೇತರ ಆಸ್ತಿ ಕೊಳ್ಳಬಹುದು. ಪಾಕಿಸ್ತಾನ, ಚೀನಾ, ನೇಪಾಳ, ಶ್ರೀಲಂಕಾ ಸೇರಿ ಕೆಲವು ದೇಶಗಳ ಪ್ರಜೆಗಳು ಭಾರತದಲ್ಲಿ ವಾಸವಿದ್ದರೂ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಪಡೆಯಬೇಕು. ಇಂಥ ನಿರ್ಬಂಧ ನಮ್ಮಲ್ಲಿ ಮಾತ್ರ ಇದೆಯೆಂದಲ್ಲ. ಕೆನಡಾ 2023ರ ಜನವರಿಯಿಂದ ವಿದೇಶಿಯರು ಮನೆ ಕೊಳ್ಳುವುದಕ್ಕೆ ಬಹುಮಟ್ಟಿಗೆ ತಡೆ ಹಾಕಿತು. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷಗಳ ಮಟ್ಟಿಗೆ ಹಳೆಯ ಮನೆಗಳ ಖರೀದಿಯನ್ನು ಅವರಿಗೆ ನಿಲ್ಲಿಸಿತು.

ಬೆಂಗಳೂರಿನ ಒಂದು ಪ್ರಕರಣ

ಅನುಮತಿಯ ಪ್ರಶ್ನೆಯನ್ನು ಕಾಗದದ ಔಪಚಾರಿಕತೆ ಎಂದು ತಿಳಿಯುವವರು ಆಶಾ ಜಾನ್ ದಿವ್ಯನಾಥನ್ ವಿರುದ್ಧ ವಿಕ್ರಂ ಮಲ್ಹೋತ್ರಾ ಪ್ರಕರಣವನ್ನು ಗಮನಿಸಬೇಕು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ ಆಸ್ತಿಯೊಂದರ ಭಾಗವನ್ನು, ವಿದೇಶಿ ಪ್ರಜೆಯಾಗಿದ್ದ ವಿಧವೆಯೊಬ್ಬರು 1977ರಲ್ಲಿ ದಾನಪತ್ರದ ಮೂಲಕ ಕೊಟ್ಟಿದ್ದರು. ಆಗ ಜಾರಿಯಲ್ಲಿದ್ದ ಫೆರಾ ಕಾಯ್ದೆಯ 31ನೇ ಕಲಮು ಬಯಸುವ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಪಡೆದಿರಲಿಲ್ಲ. ಕೆಳಗಿನ ನ್ಯಾಯಾಲಯ, ಹೈಕೋರ್ಟು ದಾಟಿ ಬಂದ ವ್ಯಾಜ್ಯವನ್ನು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ 2021ರ ಫೆಬ್ರುವರಿ 26ರಂದು ತೀರ್ಮಾನಿಸಿತು. ಅನುಮತಿಯಿಲ್ಲದ ಆ ವರ್ಗಾವಣೆ ಕಾನೂನಿನಲ್ಲಿ ಊರ್ಜಿತವಲ್ಲ, ಅದರ ಆಧಾರದಲ್ಲಿ ಹಕ್ಕು ಸಾಧಿಸಲಾಗದು ಎಂದಿತು. ಈಗಾಗಲೇ ಅಂತಿಮಗೊಂಡಿರುವ ಬೇರೆ ವ್ಯವಹಾರಗಳನ್ನು ಈ ತೀರ್ಪಿನಿಂದಾಗಿ ಮತ್ತೆ ತೆರೆಯಬೇಕಿಲ್ಲ ಎಂದೂ ಹೇಳಿತು. ಪತ್ರವಾದ ದಿನದಿಂದ ತೀರ್ಪಿನ ದಿನದವರೆಗೆ 43 ವರ್ಷಗಳು ಕಳೆದಿದ್ದವು. ಅಷ್ಟರಲ್ಲಿ ಫೆರಾ ಕಾಯ್ದೆಯೇ ರದ್ದಾಗಿತ್ತು, ದಾನ ಕೊಟ್ಟವರೂ ಇರಲಿಲ್ಲ.